ಗಾಜಿನ ಹಿಂದಿನ ಮೂಳೆ

ಕ್ಯಾಥೊಲಿಕ್ ಸಂತರ ಅವಶೇಷ ಇಡುವ ಹಳೆಯ ಬೆಳ್ಳಿ ಕರಡಿಗೆಗಳನ್ನು ಕೂಡಿಡುವ ಹುಚ್ಚು ನನಗೆ. ಒಂದರ ಗಾಜಿನ ಹಿಂದೆ ಸಂತನೊಬ್ಬನ ಮೂಳೆಯ ಚೂರಿತ್ತು. ನೀರಿಗೆ ಬಿಡುವ ತನಕ ಸತ್ತವರ ಮೂಳೆಯನ್ನು ಹೊರಗೆ ಮರಕ್ಕೆ ಕಟ್ಟಬೇಕು, ಮನೆಯೊಳಗೆ ತರಬಾರದು ಎನ್ನುವವಳು ಕುಣಿಗಲ್ಲಿನ ನನ್ನ ಸೋದರತ್ತೆ. ತುಮಕೂರಿನ ನನ್ನ ಮನೆಗೆ ಬಂದವಳು ನಾನಿಲ್ಲದಾಗ ಆ ಚೂರನ್ನು ಕಿತ್ತು ಒಯ್ದು, ಎಳ್ಳು ಹಾಕಿ ಮಾರ್ಕೋನಹಳ್ಳಿ ಡ್ಯಾಮಿಗೆ ಬಿಟ್ಟಳು.

"ಪಾಪ, ದಿಕ್ಕಿಲ್ಲದೋನು ಕಣೋ," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅವಳ ಗಂಡ ಸತ್ತು ವರ್ಷಗಳಾದರೂ ಅವನ ಅಸ್ಥಿಯ ಮಡಕೆ ತೋಟದ ಹುಣಸೆ ಮರದಲ್ಲೇ ತೂಗುತ್ತಿತ್ತು. ಅವಳಿಗೆ ನೋಯಲೆಂದೇ ಕೇಳಿದೆ: "ಮಾವನ್ನ ಯಾವಾಗ ಬಿಡ್ತೀಯ ಅತ್ತೆ?"

ಅತ್ತೆ ಎಲೆಗೆ ಸುಣ್ಣ ಸವರುತ್ತಲೇ ಹೇಳಿದಳು: "ನಿನ್ನ ಸಂತ ನನ್ನ ಒಂದಿನಾನೂ ಹೊಡೀಲಿಲ್ಲ. ನಿಮ್ಮಾವ ಅಲ್ಲೇ ನೇತಾಡ್ಲಿ ಬುಡು."