ಅಪ್ಪ ಸೈಕಲ್ ಹೊಡೆದ ಭಾನುವಾರ

ನಮ್ಮ ಚೆಂಬೂರಿನ ಚಾಳಿನಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತಾದರೂ, ಕೊರಳಿಗೆ ನೇತುಹಾಕುವ ಕ್ಯಾಮೆರಾ ಕಂಡರೆ ಮಕ್ಕಳೆಲ್ಲ ಹಿಂದೆ ಬೀಳುತ್ತಿದ್ದ ದಿನಗಳವು. ನಾನು ಏಳನೇ ಕ್ಲಾಸು. ಫೋಟೋ ಕ್ಲಬ್ಬಿನ ಸರ್ ಭಾನುವಾರದ ಮಟ್ಟಿಗೆ ಕ್ಯಾಮೆರಾ ಕೊಟ್ಟು, ಪ್ಯಾನಿಂಗ್ ಮಾಡಿಕೊಂಡು ಬಾ ಎಂದಿದ್ದರು. ಓಡುವವರ ಜೊತೆಗೇ ಸೊಂಟ ತಿರುಗಿಸುತ್ತ ಕ್ಯಾಮೆರಾ ಸಾಗಿಸಬೇಕು, ಸಾಗಿಸುತ್ತಲೇ ಒತ್ತಬೇಕು. ಆಗ ಆಳು ಸ್ಪಷ್ಟವಾಗಿ ಬಂದು, ಹಿಂದಿನದೆಲ್ಲ ಗೆರೆಗೆರೆಯಾಗಿ ಹರಿದುಹೋಗುತ್ತದೆ. ಚೆನ್ನಾಗಿ ಬಂದ ಫೋಟೋ ಶಾಲೆಯ ಬೋರ್ಡಿಗೆ. ಅಲ್ಲಿ ನನ್ನ ಹೆಸರು ಬರಲೇಬೇಕೆಂದು ನನಗೆ ಹಟ.

ಬೆಳಗಿನಿಂದ ರಿಕ್ಷಾಗಳ ಬೆನ್ನು ಹತ್ತಿದೆ. ಒಂದರಲ್ಲಿ ಬರೀ ಚಕ್ರ, ಇನ್ನೊಂದರಲ್ಲಿ ಬರೀ ಹೊಗೆ. ಅಳುವುದೊಂದು ಬಾಕಿ. ಮನೆಗಳ ನೆಲಕ್ಕೆ ಫರಶಿ ಕಲ್ಲು ಕೂರಿಸುವ ಕೆಲಸದ ಅಪ್ಪನಿಗೆ ಅಂದು ರಜೆ. ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದವನು ಕೈತೊಳೆದು ಎದ್ದ.

"ನಾ ಸೈಕಲ್ ಹೊಡೀತೀನಿ, ನೀ ತಗಿ ತಂಗಿ," ಎಂದ. ನಮ್ಮ ವಿಜಯಪುರದ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ಅಪ್ಪ ರಸ್ತೆಯ ತುದಿಯಿಂದ ಜೋರಾಗಿ ಬರುತ್ತಿದ್ದ. ನನ್ನೆದುರು ಬಂದದ್ದೇ ತಡ, ಬ್ರೇಕ್ ಹಾಕಿ, ಕಾಲೂರಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತುಬಿಡುತ್ತಿದ್ದ. ವಿಜಯಪುರದ ಸ್ಟುಡಿಯೋದವನು ಉಸಿರು ಬಿಗಿಹಿಡಿಸಿ ತೆಗೆದ ಮದುವೆ ಫೋಟೋ, ಅವನ ಪಾಲಿಗೆ ಫೋಟೋ ಅಂದರೆ ಅದು. ನಿಲ್ಲಬೇಡಪ್ಪಾ ಅಂದರೆ ತಲೆಯಾಡಿಸುತ್ತಿದ್ದ, ಬಂದು ಮತ್ತೆ ನಿಲ್ಲುತ್ತಿದ್ದ.

"ಅಳ್ಳಾಡಿದ್ರ ಮಾರಿ ಕೆಡ್ತದಲ್ಲ ತಂಗಿ."

ಮುಖ ಕೆಡುವ ಚಿಂತೆ ಅವನಿಗೆ, ನನಗೆ ನಕ್ಕು ನಕ್ಕು ಹೊಟ್ಟೆ ನೋವು.

ಅಷ್ಟರಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಟ್ಯೂಶನ್ ಮುಗಿಸಿ ಬಂದರು. ನಮ್ಮ ಹಾಗೆ ಚಾಳಿನವರಲ್ಲ, ಬಿಲ್ಡಿಂಗಿನ ಫ್ಲಾಟಿನಲ್ಲಿರುವವರು. ಅಪ್ಪ ಆಗಷ್ಟೇ ನನ್ನೆದುರು ನೆಟ್ಟಗೆ ಕೂತಿದ್ದ. ಒಗೆದರೂ ಸಿಮೆಂಟ್ ಹೋಗದ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಅವರು ಕಿಸಕ್ಕೆಂದರು.

"ಯೇ ಕೌನ್ ಹೈ?" ಇವನ್ಯಾರು ಎಂದು ಕೇಳಿದಳೊಬ್ಬಳು.

ನನ್ನ ಮುಖ ಕಾದ ಹಂಚಾಯಿತು. ನಮ್ಮಪ್ಪ ಎನ್ನದೆ, ಕ್ಯಾಮೆರಾದ ಪಟ್ಟಿ ಸರಿಮಾಡಿಕೊಳ್ಳತೊಡಗಿದೆ.

ಅಪ್ಪ ಅವರನ್ನು ನೋಡಿದ, ನನ್ನ ಮುಖ ನೋಡಿದ. ಸೈಕಲ್ ತಿರುಗಿಸಿಕೊಂಡು ರಸ್ತೆಯ ತುದಿಗೆ ಹೋದ. ಈ ಸಲ ಬಂದವನು ನಿಲ್ಲಲಿಲ್ಲ. ಗುರುತು ಪರಿಚಯ ಇಲ್ಲದವನ ಹಾಗೆ ಮುಂದೆ ನೋಡುತ್ತ ನನ್ನನ್ನು ದಾಟಿ ಹೋದ. ನಾನಾದರೂ ಎಂಥವಳು, ಸೊಂಟ ತಿರುಗಿಸಿ ಒತ್ತಿಯೇಬಿಟ್ಟೆ.

ಹಿಂದಿನ ಗೋಡೆಯೆಲ್ಲ ಗೆರೆಯಾಗಿತ್ತು, ಅಪ್ಪನ ಮುಖ ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಕ್ಯಾಮೆರಾ ಇದೆಯೆಂಬ ಅರಿವೇ ಇಲ್ಲ ನೋಡು ಈ ಮನುಷ್ಯನಿಗೆ ಎಂದು ಸರ್ ಮೆಚ್ಚಿಕೊಂಡು ಬೋರ್ಡಿನ ನಡುವೆ ಹಚ್ಚಿದರು. ಕೆಳಗೆ ನನ್ನ ಹೆಸರೂ ಬಂತು. ಅದರೆದುರು ನಿಂತಾಗೆಲ್ಲ ನಾಚಿಕೆಯಿಂದ ಸತ್ತುಹೋಗುತ್ತಿದ್ದೆ.

ಆ ಭಾನುವಾರಕ್ಕೂ ಮೊದಲು, ಶಾಲೆಯ ಗೇಟಾಗಲಿ ಸ್ಟೇಷನ್ನಾಗಲಿ, ನಾನು ಕಂಡೆನೆಂದರೆ ಅಪ್ಪ "ಯವ್ವಾ ತಂಗೀ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಆ ಕೂಗು ಅಂದಿಗೇ ನಿಂತಿತು. ಈಗ ನನಗೆ ವಿಕ್ರೋಳಿಯಲ್ಲಿ ನೌಕರಿ. ನಾನು ಊಟದ ಡಬ್ಬಿ ಮರೆತ ದಿನ ಅಪ್ಪ ತಂದುಕೊಡುತ್ತಾನೆ. ಗೆಳತಿಯರ ಜೊತೆ ನಾನು ಆಫೀಸಿನ ಗೇಟಿಗೆ ಬಂದರೆ, ರಸ್ತೆಯಾಚೆ ನಿಂತು ಬೇರೆ ಕಡೆ ನೋಡುತ್ತಾನೆ. ನಾನೇ ಗಟ್ಟಿಯಾಗಿ ಕರೆದು, ಕೈಹಿಡಿದು ಕರೆತಂದು, ನಮ್ಮಪ್ಪ ಎಂದು ಎಲ್ಲರಿಗೂ ಹೇಳುತ್ತೇನೆ. ಬರುತ್ತಾನೆ, ನಗುತ್ತಾನೆ. ಆದರೆ ಮುಂದಿನ ಸಲವೂ, ನಾನು ಕರೆಯುವವರೆಗೆ ಅವನು ರಸ್ತೆ ದಾಟುವುದಿಲ್ಲ.