ಹಾಳೆಯ ಪರ್ಸು ಮತ್ತು ನಮ್ಮ ದನ

ನರಿಮೊಗರಿನಲ್ಲಿ ನಮ್ಮ ನೆರೆಮನೆಯ ಅಕ್ಕ ಅಡಿಕೆ ಹಾಳೆಯಲ್ಲಿ ಪರ್ಸು ಹೊಲಿಯುತ್ತಿದ್ದರು. ನೋಡಲಿಕ್ಕೆ ಚರ್ಮದ ಹಾಗೆಯೇ ಇರಬೇಕು, ಆದರೆ ಚರ್ಮ ಆಗಿರಬಾರದು ಎಂಬುದು ಅವರ ಹಟ. ಯಾರು ಬಂದರೂ ಕೈಗೊಂದು ತುಂಡು ಕೊಟ್ಟು, ಕನ್ನಡಕವನ್ನು ಹಣೆಗೇರಿಸಿ, "ಮಡಚಿ ನೋಡಿ ಮಾರಾಯ್ರೆ" ಅನ್ನುತ್ತಿದ್ದರು. ಮಡಚಿದರೆ ಅದು ಟಪ್ಪಂತ ಒಡೆಯುತ್ತಿತ್ತು. ಕನ್ನಡಕ ಮೆಲ್ಲನೆ ಮೂಗಿಗಿಳಿಯುತ್ತಿತ್ತು. ಊರಿನವರ ಸ್ವರ, ಚರ್ಯೆ ಎಲ್ಲ ಅಣಕಿಸುವ ನಾನು ಇದನ್ನೂ ಅವರ ಮುಂದೆಯೇ ಮಾಡಿ ತೋರಿಸಿ ಬೈಸಿಕೊಂಡದ್ದುಂಟು.

ಮಡಚಿದರೆ ಒಡೆಯದ ಪರ್ಸಾದರೆ ಮಾತ್ರ ಆರ್ಡರ್ ಎಂದು ಪುತ್ತೂರು ಪೇಟೆಯ ಬ್ಯಾಗಿನಂಗಡಿಯವರು ಹೇಳಿದರು. ಅಕ್ಕ ಗಂಜಿತಿಳಿ, ತೆಂಗಿನೆಣ್ಣೆ, ಇನ್ನು ಎಂತೆಂತದೋ ಅಳತೆ ಇಲ್ಲದೆ ಕೈಗೆ ಬಂದಷ್ಟು ಬೆರೆಸಿ ಮೂರು ಬಕೆಟಿನಲ್ಲಿ ಮೂರು ಬಗೆಯಾಗಿ ಹಾಳೆ ನೆನೆಹಾಕಿ, ನಮ್ಮ ದನದ ಹಟ್ಟಿಯ ನೆರಳಿನಲ್ಲಿಟ್ಟರು. ನೆನೆದ ಹಾಳೆ ಕಂಡರೆ ನನಗೆ ಗೊತ್ತಿರುವುದು ಒಂದೇ ಕೆಲಸ. ಮೂರನ್ನೂ ಒಟ್ಟು ಮಾಡಿ, ಕೊಚ್ಚಿ, ದನಕ್ಕೆ ಹಾಕಿದೆ.

ಅಕ್ಕ ಓಡಿ ಬರುವಾಗ ದನ ಎಲ್ಲ ಮುಗಿಸಿ, ಒಂದು ತುಂಡನ್ನು ಮಾತ್ರ ಜಗಿದು ಜಗಿದು ಸೋತು ಉಗುಳಿತ್ತು. ಅಕ್ಕ ಅದನ್ನು ತೊಳೆದು ಮಡಚಿದರು. ಒಡೆಯಲಿಲ್ಲ. ತಿರುಗಿಸಿ ಮಡಚಿದರು. ಆಗಲೂ ಒಡೆಯಲಿಲ್ಲ!

"ಇದು ಯಾವ ಬಕೆಟಿನದ್ದು ಮಾರಾಯ?"

"ಎಲ್ಲ ಒಟ್ಟಿಗೆ ಕೊಚ್ಚಿದ್ದಲ್ವಾ ಅಕ್ಕ..."

"ಊರಿನವರ ಸ್ವರ ಎಲ್ಲ ನೆನಪುಂಟು ನಿನಗೆ, ಇದೊಂದು ಇಲ್ವಾ?"

ಬೈದದ್ದೋ ನಕ್ಕದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಆ ತುಂಡನ್ನು ಮೂಸಿದರು, ಮೂರು ಖಾಲಿ ಬಕೆಟುಗಳನ್ನು ಮೂಸಿದರು, ಕೊನೆಗೆ ದನದ ಬಾಯಿಯನ್ನೂ ಮೂಸಿದರು. "ನೀನೂ ಮೂಸು" ಎಂದರು. ಮೂಸಿದೆ. ಎಲ್ಲಕ್ಕೂ ದನದ್ದೇ ವಾಸನೆ.