ನಳಿಗೆಯ ಬಾಯಿಗೆ ಹತ್ತಿ

ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗ ಆದ ಗಾಯಕ್ಕೆ ಹತ್ತಿ ಒತ್ತಿದೆ ನೋಡಿ, ಒಂದು ಎಳೆ ಕೂಳೆಗೂದಲಿಗೆ ಸಿಕ್ಕಿಕೊಂಡು ಬರಲೊಲ್ಲದು. ಟಿಳಕವಾಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದರೂ, ಕಾಕಾನ ರೈಫಲ್ ನೆನಪಾಗಿ ಕನ್ನಡಿಯಿಂದ ಕಣ್ಣು ತಪ್ಪಿಸಿದೆ.

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಗೆದ್ದದ್ದರಿಂದ ಯಾರಿಗಾದರೂ ಉಪಯೋಗವಾಯಿತೇ ಎಂದು ಮಾತ್ರ ಕೇಳಬೇಡಿ. ಖಾನಾಪುರದ ನಮ್ಮ ಕಾಕಾನಿಗೆ ಏರ್ ರೈಫಲ್ಲಿನ ಹುಚ್ಚು. ಹಿತ್ತಲ ಗೋಡೆಗೆ ಕಾಗದ ಅಂಟಿಸಿ ಗುರಿ ಹಿಡಿಯುತ್ತಾನೆ. ಗೆಳೆಯರ ವರ್ಷದ ಪಂದ್ಯ ಎಂದೂ ತಪ್ಪಿಸಿದವನಲ್ಲ. ಒಂದು ವರ್ಷ ಪಂದ್ಯ ವಾರವಿದೆ ಎನ್ನುವಾಗ ಗುರಿ ಚದುರತೊಡಗಿತು.

"ವಯಸ್ಸಾತು ಕಾಕಾ. ಕಣ್ಣು," ಎಂದೆ.

ನೆಹರು ನಗರದ ದವಾಖಾನೆಯಲ್ಲಿ ಕಣ್ಣು ಚಲೋ ಇದೆ ಎಂದರು. ನಾನು ಬಿಡುವವನೇ? "ಹಂಗಾರ ಕೈ ನಡಗತೈತಿ."

ಕಾಕಾ ತನ್ನ ಕೈಯನ್ನು ತಿರುವಿ ತಿರುವಿ ನೋಡಿಕೊಂಡ. "ಖರೇ ಇರಬೇಕು. ಈ ಸಲ ಹೆಸರ ತಗಸ್ತೀನಿ. ಇನ್ನ ಸಾಕು." ರೈಫಲ್ಲನ್ನು ಹಳೆಯ ಧೋತರದಲ್ಲಿ ಸುತ್ತತೊಡಗಿದ. ವಾದ ಗೆದ್ದ ನನಗೆ ಚಹಾ ಕಹಿಯಾಯಿತು.

ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿಂದಲೇ ಅಂದಳು: "ಮನಷ್ಯಾನ್ನ ತೋರ್ಸಿದ್ರಿ, ಬಂದೂಕ ತೋರ್ಸಿದ್ರೇನು?"

ಹಾಗೆ ರೈಫಲ್ ಹಿಡಿದು ಆಟೋ ನಗರಕ್ಕೆ ಹೋದೆವು. ಲೇಥ್ ಯಂತ್ರದ ಮಿಸ್ತ್ರಿ ನಳಿಗೆಯ ಬಾಯಿಯ ಅಂಚಿಗೆ ಚೂರು ಹತ್ತಿ ಸವರಿದ. ಒಂದು ಕಡೆ ಎಳೆ ಸಿಕ್ಕಿಕೊಂಡಿತು. "ಇಲ್ಲಿ ನೆಗ್ಗೈತ್ರಿ."

"ಇಡೀ ನಳಿಗಿ ನೆಟ್ಟಗೈತಿ. ಕೂದಲೆಳಿ ಅಷ್ಟು ನೆಗ್ಗಿದ್ರ ಏನಾಗತೈತಿ?" ಎಂದೆ.

"ಮನಿ ತುಂಬ ಸಪಾಟ ಇದ್ದು ಹೊಸ್ತಿಲದಾಗ ಎಡವಿದ್ರ ಏನಾಗತೈತ್ರಿ, ಸಾಹೇಬ್ರ? ಗುಂಡಿಗಿ ಇದ ಹೊಸ್ತಿಲ."

ಅವನು ನಳಿಗೆಯ ತುದಿಯನ್ನು ಬೆರಳಗಲ ಕತ್ತರಿಸಿದ; ಬಾಯನ್ನು ಚೊಕ್ಕವಾಗಿ ಸಮ ಮಾಡಿ, ಒಳಅಂಚಿಗೆ ಸುತ್ತಲೂ ಒಂದೇ ಸಮನಾದ ಇಳಿಜಾರು ಕೊಟ್ಟ. ಮತ್ತೆ ಸವರಿದಾಗ ಹತ್ತಿ ಜಾರಿಹೋಯಿತು. "ನೆಲಕ್ಕ ಕುಟ್ಟಿದವ್ರು ಯಾರ್ರಿ?"

ಗುರಿ ಕೆಡುವ ಮುಂಚೆ ಒಂದು ದಿನ, ಜಾತಕ ಸುಳ್ಳೆಂದು ಕಾಕುವಿನ ಜೊತೆ ವಾದಿಸುತ್ತ, ಕೈಗೆ ಸಿಕ್ಕ ಖಾಲಿ ರೈಫಲ್ಲನ್ನು ತಲೆಕೆಳಗಾಗಿ ಹಿಡಿದು, ವಾದದ ಒಂದೊಂದು ಅಂಶಕ್ಕೊಮ್ಮೆ ನೆಲಕ್ಕೆ ಕುಟ್ಟಿದವನು ನಾನು. ಏಳು ಅಂಶಗಳಿದ್ದವು. ಲೇಥಿನ ಮುಂದೆ ಬಗ್ಗಿ, ಬಿದ್ದ ಹತ್ತಿಯ ಚೂರನ್ನು ಹೆಕ್ಕತೊಡಗಿದೆ.

"ಗ್ವಾಡಿಗಿ ಆನಿಸಿದ್ದೆ, ಬಿದ್ದಿರಬೇಕು," ಎಂದ ಕಾಕಾ. ಆ ಭಾನುವಾರ ಪಂದ್ಯಕ್ಕೆ ಹೋದ. ಮೂರನೆಯವನಾಗಿ ಬಂದು, ಮೊದಲನೆಯವನಂತೆ ಊಟ ಮಾಡಿದ.

ಇಷ್ಟು ವರ್ಷವಾದ ಮೇಲೆ, ಗಲ್ಲಕ್ಕಂಟಿದ ಹತ್ತಿಯೊಂದಿಗೇ ಈಗ ಫೋನ್ ಹಚ್ಚಿದೆ. "ಕಾಕಾ, ಅದನ್ನ ಕುಟ್ಟಿದಾಂವ ನಾನು."

"ಗೊತ್ತೈತಿ. ನೆಲದ ಫರಸಿ ಮ್ಯಾಲ ಏಳು ಗುರುತ ಅದಾವ. ನಿಮ್ಮ ಕಾಕು ಆವತ್ತೇ ಎಣಿಸ್ಯಾಳ."